ಆಟಿಯಲ್ಲೇ ಯಾಕೆ ಗುಡ್ಡ ಜರಿಯುತ್ತದೆ?

ನಮ್ಮ ಚಿಕ್ಕಪ್ಪನ ಮನೆಯ ಜಗಲಿಯಲ್ಲಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ, ಒಂದು ಉದ್ದನೆಯ ನೋಟ್‌ಬುಕ್ ನೇತಾಡುತ್ತಿರುತ್ತದೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅಳತೆ ನೋಡಿ ಪುಸ್ತಕದಲ್ಲಿ ಬರೆಯುವುದು ಅವರಿಗೆ ದೇವರಪೂಜೆಯಷ್ಟೇ ನೇಮದ ಕೆಲಸ. ಕರಾವಳಿ, ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಹೀಗೆ ಮಳೆ ಬರೆದಿಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು, ಎರಡನೇ ಸಲ ಹೊಡೆಯಲು ಬಿಸಿಲು ಸಿಕ್ಕೀತೇ ಎಂಬ ಚಿಂತೆಯೇ ಅದಕ್ಕೆ ಮೂಲ. ಪುಸ್ತಕದಲ್ಲಿ ಎರಡು ಸಾಲು ಅಂಕಿಗಳು. ಒಂದು ಆ ದಿನದ ಮಳೆ, ಇನ್ನೊಂದು ವರ್ಷದ ಆರಂಭದಿಂದ ಅಂದಿನವರೆಗಿನ ಒಟ್ಟು ಮಳೆ.

ದಾರಿಯಲ್ಲಿ ಹೋಗುವವರು ಕೇಳುವುದು ಮೊದಲ ಸಾಲನ್ನು. "ಎಷ್ಟು ಬಂತು ಮಾರಾಯ್ರೆ ನಿನ್ನೆ?" ಗುಡ್ಡ ಲೆಕ್ಕಕ್ಕೆ ಹಿಡಿಯುವುದು ಎರಡನೆಯದನ್ನು.

ಈಚಿನ ವರ್ಷಗಳ ದೊಡ್ಡ ಕುಸಿತಗಳ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಕೊಡಗಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಸಾಲುಸಾಲಾಗಿ ಜಾರಿದ್ದು 2018ರ ಆಗಸ್ಟ್ ಮಧ್ಯದಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ನುಂಗಿದ್ದು 2020ರ ಆಗಸ್ಟ್ 6ರಂದು. ಯಲ್ಲಾಪುರ ತಾಲೂಕಿನ ಕಳಚೆ 2021ರ ಜುಲೈನಲ್ಲಿ. ಅಂಕೋಲಾದ ಶಿರೂರು 2024ರ ಜುಲೈ 16ರಂದು. ಅದಾಗಿ ಎರಡೇ ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಅಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ತುಳುವರ ಆಟಿ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಶಿರೂರಿನದು ಆಟಿಯ ಬಾಗಿಲಲ್ಲಿ ಆದದ್ದು, ಕೊಡಗಿನದು ಆಟಿ ಮುಗಿಯುವ ಹೊತ್ತಿಗೆ. ಕೊಡವರ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲವೂ ಕಕ್ಕಡದ ಆಸುಪಾಸು. ಮಳೆ ನಕ್ಷತ್ರದಲ್ಲಿ ಹೇಳಿದರೆ ಪುನರ್ವಸುವಿನಿಂದ ಆಶ್ಲೇಷದವರೆಗೆ.

ಮುಂಗಾರು ಕರಾವಳಿಗೆ ಕಾಲಿಡುವುದು ಜೂನ್ ಮೊದಲ ವಾರದಲ್ಲಿ. ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎನ್ನುತ್ತಾರೆ. ಜೂನ್‌ನಲ್ಲೂ ಒಂದೇ ದಿನ 150, 200 ಮಿಲಿಮೀಟರ್ ಬೀಳುವುದುಂಟು. ಆಗ ಗದ್ದೆ ತುಂಬುತ್ತದೆ, ಹಳ್ಳ ಉಕ್ಕುತ್ತದೆ, ರಸ್ತೆ ಬದಿಯ ಮಣ್ಣು ಅಷ್ಟಿಷ್ಟು ಉದುರುತ್ತದೆ. ಇಡೀ ಗುಡ್ಡ ಜಾರಿದ್ದು ಅಪರೂಪ. ಅಷ್ಟೇ ಮಳೆ ಆಟಿಯಲ್ಲಿ ಬಿದ್ದರೆ ಊರು ಖಾಲಿ ಮಾಡಬೇಕಾಗುತ್ತದೆ. ಯಾಕೆ?

ಹಾಗಾಗಿ "ಮಳೆ ಜಾಸ್ತಿಯಾಯಿತು, ಗುಡ್ಡ ಬಿತ್ತು" ಎಂಬ ಮಾತು ಅರ್ಧ ಉತ್ತರ. ನೀರು ಕೊಟ್ಟದ್ದು ಸಮುದ್ರ, ಅದನ್ನು ಹಿಂಡಿದ್ದು ಘಟ್ಟ, ಹಿಡಿದಿಟ್ಟುಕೊಂಡದ್ದು ಮಣ್ಣು. ಜೊತೆಗೆ, ಆ ಮಣ್ಣಿನ ಕಾಲು ಕಡಿದವರು ಯಾರೋ ಇದ್ದಾರೆ.

ಕಡಲಿನಿಂದ ಘಟ್ಟಕ್ಕೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಸುತ್ತಮುತ್ತ ಮಳೆ. ಅಲ್ಲಿಂದ ಕಾಗೆ ಹಾರುವ ದಾರಿಯಲ್ಲಿ ಸುಮಾರು 190 ಕಿಲೋಮೀಟರ್ ದೂರದ ಚಳ್ಳಕೆರೆಯಲ್ಲಿ 500 ಮುಟ್ಟಿದರೆ ಆ ವರ್ಷ ಪರವಾಗಿಲ್ಲ ಎನ್ನಬೇಕು. ಒಂದೇ ಮುಂಗಾರು, ಒಂದೇ ಗಾಳಿ. ನಡುವೆ ಇರುವುದು ಘಟ್ಟ.

ಈ ಗಾಳಿ ಹೊರಡುವುದು ಭೂಮಧ್ಯರೇಖೆಯ ಆಚೆ, ದಕ್ಷಿಣ ಹಿಂದೂ ಮಹಾಸಾಗರದಿಂದ. ಆಫ್ರಿಕಾದ ಪೂರ್ವದ ಅಂಚಿಗೆ ಬಂದು, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರದ ಮೇಲೆ ರಭಸದ ಹೊನಲಾಗಿ ನಮ್ಮತ್ತ ನುಗ್ಗುತ್ತದೆ. ದಾರಿಯುದ್ದಕ್ಕೂ ಸಮುದ್ರದ ಆವಿ ಕುಡಿದುಕೊಂಡು ಬರುತ್ತದೆ. ಕರಾವಳಿ ದಾಟಿದ ಕೂಡಲೇ ಘಟ್ಟ ಅಡ್ಡ. ಮೇಲೇರದೆ ಗತಿಯಿಲ್ಲ, ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ನೀರು ಇಳಿಸುತ್ತದೆ. ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಹೆಗಲ ಮೇಲಿನ ಹೊರೆ ಖಾಲಿ. ಚಳ್ಳಕೆರೆಗೆ ಹೋಗುವುದು ಒಣ ಗಾಳಿ.

ಈ ವ್ಯವಸ್ಥೆ ಲಕ್ಷಾಂತರ ವರ್ಷಗಳಿಂದ ಹೀಗೇ ನಡೆದಿದೆ. ಈಗ ಬದಲಾಗುತ್ತಿರುವುದು ಗಾಳಿ ಆವಿ ಕುಡಿಯುವ ಆ ಸಮುದ್ರ. ನಾವು ಶಾಲೆಯಲ್ಲಿ ಓದುವಾಗ ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರ ಸಾಧು ಎಂಬಂತಿತ್ತು. ಲೆಕ್ಕವೂ ಹಾಗೇ ಇತ್ತು, ಅಲ್ಲಿ ನಾಲ್ಕು ಎದ್ದರೆ ಇಲ್ಲಿ ಒಂದು. ಆದರೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಹಿಂದಿನ ಎರಡು ದಶಕಗಳಿಗಿಂತ ಶೇ. 52ರಷ್ಟು ಏರಿದೆ. ಚಂಡಮಾರುತದ ಕಾಲದಲ್ಲಿ ಸಮುದ್ರದ ಮೇಲ್ಮೈ ನಾಲ್ಕು ದಶಕಗಳ ಹಿಂದಿಗಿಂತ 1.2ರಿಂದ 1.4 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ. 2021ರ ಮೇ ತಿಂಗಳ ತೌಕ್ತೆಯಲ್ಲಿ ಉಳ್ಳಾಲ, ಸೋಮೇಶ್ವರದ ದಂಡೆಯ ಮನೆಗಳಿಗೆ ಕಡಲು ಹೊಕ್ಕದ್ದನ್ನು ನೋಡಿದವರಿಗೆ ಈ ಅಂಕಿ ಬರೀ ಅಂಕಿಯಾಗಿ ಕಾಣುವುದಿಲ್ಲ.

ಒಂದು ಡಿಗ್ರಿಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. 200 ಮಿಲಿಮೀಟರ್ ಸುರಿಯಬೇಕಾದ ದಿನ 214 ಸುರಿದೀತು. ಕೇಳಲು ಅಲ್ಪ. ವಯನಾಡಿನ ಕುಸಿತದ ಬಳಿಕ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ ಹೇಳಿದ್ದೂ ಅದನ್ನೇ: ಹವಾಮಾನ ಬದಲಾವಣೆಯಿಂದಾಗಿ ಆ ದಿನದ ಮಳೆ ಸುಮಾರು ಶೇ. 10ರಷ್ಟು ಜೋರಾಗಿತ್ತು. ಶೇ. 10ರಿಂದಲೇ ಗುಡ್ಡ ಬೀಳುವುದಾಗಿದ್ದರೆ ಘಟ್ಟದಲ್ಲಿ ಒಂದು ಗುಡ್ಡವೂ ಉಳಿಯುತ್ತಿರಲಿಲ್ಲ. ಆದರೆ ಬೀಳುವ ಅಂಚಿಗೆ ಬಂದು ನಿಂತ ಇಳಿಜಾರಿಗೆ ಆ ಹತ್ತೇ ಸಾಕು.

ಒಟ್ಟು ಪ್ರಮಾಣಕ್ಕಿಂತ ಮಳೆಯ ಸ್ವಭಾವ ಬದಲಾದದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನಮ್ಮ ಕಡೆ ಹಿರಿಯರು ಹೇಳುವ ಮಾತೊಂದಿದೆ. ಗುಡುಗು ಸಿಡಿಲು ಏನಿದ್ದರೂ ಮಳೆಗಾಲ ಹಿಡಿಯುವಾಗ ಮತ್ತು ಬಿಡುವಾಗ. ಆಟಿಯ ಮಳೆಗೆ ಗುಡುಗಿಲ್ಲ, ಅದು ಸುಮ್ಮನೆ ಧೋ ಎಂದು ಹೊಯ್ಯುತ್ತಲೇ ಇರುತ್ತದೆ. ಅದಕ್ಕೆ ಕಾರಣವೂ ಇದೆ. ನಡು ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಮೋಡಗಳು ಅಷ್ಟೇನೂ ಎತ್ತರ ಬೆಳೆಯುವುದಿಲ್ಲ. ಸಿಡಿಲು ಹುಟ್ಟಬೇಕಾದರೆ ಮಂಜುಗಡ್ಡೆಯ ಹರಳುಗಳಿರುವ ಎತ್ತರದ ಮೋಡ ಬೇಕು. ಕೊಚ್ಚಿಯ ವಿಶ್ವವಿದ್ಯಾಲಯದ ಹವಾಮಾನ ಸಂಶೋಧಕರು 2019ರ ಆಗಸ್ಟ್‌ನ ಕೇರಳ ಪ್ರವಾಹವನ್ನು ಅಧ್ಯಯನ ಮಾಡಿದಾಗ ಅವರಿಗೆ ಕಂಡದ್ದು ಮುಂಗಾರಿಗೆ ಅಪರೂಪವಾದ ಎತ್ತರೆತ್ತರದ ಮೋಡಗಳು. ಅಂಥ ಮೋಡ ದಿನವಿಡೀ ಸುರಿಯಬೇಕಾದ ನೀರನ್ನು ಎರಡು ಮೂರು ಗಂಟೆಯಲ್ಲಿ ಸುರಿದು ಮುಗಿಸುತ್ತದೆ. ಆಟಿಯಲ್ಲಿ ಗುಡುಗು ಕೇಳಿದರೆ ಈಗ ನನಗೆ ಸಣ್ಣಗೆ ದಿಗಿಲಾಗುತ್ತದೆ.

ಇದಕ್ಕೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಮೇಘಸ್ಫೋಟ ಎನ್ನುವಂತಿಲ್ಲ. ಆ ಪದಕ್ಕೆ ಗಂಟೆಗೆ 100 ಮಿಲಿಮೀಟರ್ ಎಂಬ ಕಟ್ಟುನಿಟ್ಟಿನ ಅಳತೆಯಿದೆ. ಟಿವಿಯವರಿಗೆ ಮಾತ್ರ ಎರಡು ಬಕೆಟ್ ಮಳೆ ಬಿದ್ದರೂ ಮೇಘಸ್ಫೋಟವೇ.

ಎಲ್ ನಿನೊ ವಿಚಾರವನ್ನು ಇಲ್ಲಿ ಹೆಚ್ಚು ಎಳೆಯುವುದಿಲ್ಲ. ಪೆಸಿಫಿಕ್ ಸಾಗರ ಬಿಸಿಯಾದ ವರ್ಷ ನಮಗೆ ಮಳೆ ಕೈಕೊಡುವ ಸಾಧ್ಯತೆ ಹೆಚ್ಚು, ಆದರೆ ಖಾತ್ರಿಯಿಲ್ಲ. 1997ರಲ್ಲಿ ಭಾರೀ ಎಲ್ ನಿನೊ ಇದ್ದರೂ ದೇಶದ ಮುಂಗಾರು ಸರಾಸರಿಗೆ ಮೋಸ ಮಾಡಲಿಲ್ಲ. 2023ರಲ್ಲಿ ಮಾತ್ರ ಮಾಡಿತು: ದೇಶಕ್ಕೆ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್, ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ. ಅದರ ಮರುವರ್ಷವೇ ಶಿರೂರು.

ಜಾರುವುದು ಕಲ್ಲಲ್ಲ

"ನಮ್ಮದು ಗಟ್ಟಿ ಬಂಡೆಯ ನಾಡು, ಹಿಮಾಲಯದ ಹಾಗೆ ಎಳೆ ಪರ್ವತವಲ್ಲ, ಇಲ್ಲಿ ಗುಡ್ಡ ಬೀಳುವುದು ಹೇಗೆ?" ಇದು ಒಳ್ಳೆಯ ಪ್ರಶ್ನೆ. ಕರ್ನಾಟಕದ ತಳಪಾಯ ನಿಜಕ್ಕೂ ಹಳೆಯದು, ನಿಜಕ್ಕೂ ಗಟ್ಟಿ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಜನ ಬೆಳಗಿನ ವಾಕಿಂಗ್‌ಗೆ ಹತ್ತಿ ಇಳಿಯುವ ಬಂಡೆಗೆ 300 ಕೋಟಿ ವರ್ಷ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಹರಿದುಕೊಂಡು ಹೋಗುವಾಗ ಉಕ್ಕಿದ ಲಾವಾದಿಂದ ಆದವು. ಬಟ್ಟೆ ಹರಿದರೆ ಅಂಚು ಉಳಿಯುವಂತೆ ಆ ಹರಿದ ಅಂಚೇ ಸವೆದು ಹಿಂದೆ ಸರಿಯುತ್ತಾ ಬಂದು ಘಟ್ಟದ ಗೋಡೆಯಾಗಿದೆ. ಪಡುಬದಿ ಕಡಿದಾಗಿ, ಮೂಡಬದಿ ಮೆಲ್ಲಗೆ ಇಳಿಯುವುದು ಅದಕ್ಕೇ.

ಆದರೆ ಗುಡ್ಡ ಜರಿದಾಗ ಜಾರುವುದು ಈ ಕಲ್ಲಲ್ಲ. ಕಲ್ಲು ಕೊಳೆತು ಆದ ಮಣ್ಣು ಜಾರುತ್ತದೆ.

ಕಲ್ಲೂ ಕೊಳೆಯುತ್ತದೆ. ಬಿಸಿಲು, ಮಳೆ, ಸೆಖೆ ಮೂರೂ ಧಾರಾಳವಾಗಿರುವ ಕಡೆ ಬಹಳ ಚೆನ್ನಾಗಿ ಕೊಳೆಯುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ ಹೆದ್ದಾರಿಗಾಗಿ ಕಡಿದ ಗುಡ್ಡದ ಗೋಡೆಯನ್ನು ಬಸ್ಸಿನ ಕಿಟಕಿಯಿಂದಲೇ ಓದಬಹುದು. ಎಲ್ಲಕ್ಕಿಂತ ಮೇಲೆ ಕೆಂಪು, ತೂತುತೂತಾದ ಗಟ್ಟಿ ಪದರ. ಅದು ಮುರಕಲ್ಲು. ಕೆಲವು ಕಡೆ ಚಿರೇಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ. ಮನೆ ಕಟ್ಟುವುದು ಅದರಿಂದಲೇ. ಬ್ರಿಟಿಷ್ ಕಾಲದಲ್ಲಿ ಸರ್ವೆಗೆ ಬಂದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಪದ ಹಿಡಿದು ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮವರು ಅದಕ್ಕೂ ಎಷ್ಟೋ ಮೊದಲು ಜಂಬಿಟ್ಟಿಗೆ ಎಂದು ಅದೇ ಅರ್ಥದಲ್ಲಿ ಕರೆದಾಗಿತ್ತು.

ಮುರಕಲ್ಲಿನ ಕೆಳಗೆ ಬಣ್ಣ ಬದಲಾಗುತ್ತದೆ. ಹಳದಿ, ನಸುಗೆಂಪು, ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳಿ. ಇದು ಶೇಡಿ ಮಣ್ಣು. ಅದರ ಕೆಳಗೆ ಅರ್ಧ ಕೊಳೆತ ಬೂದು ಕಲ್ಲು, ಇನ್ನೂ ಕೆಳಗೆ ಅಸಲಿ ಬಂಡೆ. ಬಾವಿ ತೋಡುವವರಿಗೆ ಈ ಶೇಡಿ ಎಂದರೆ ಮೊದಲಿನಿಂದಲೂ ಭಯ. ಬೇಸಿಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಹಾರೆ ಹಾಕಿದರೆ ಕಡುಬಿನಂತೆ ಕತ್ತರಿಸಿ ಬರುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಏಪ್ರಿಲ್‌ನಲ್ಲಿ ಧರೆಯಿಂದ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಯಿಂದ, ಲಿಂಬೆಹಣ್ಣಿನ ಗಾತ್ರದ ಒಣ ಶೇಡಿ ಹೆಂಟೆ ತಂದು ಗಾಜಿನ ಲೋಟದ ನೀರಿಗೆ ಇಳಿಬಿಡಿ. ಮೊದಲು ಪುಟ್ಟ ಪುಟ್ಟ ಗುಳ್ಳೆ ಬರುತ್ತವೆ. ಆಮೇಲೆ ಅಂಚುಗಳು ಉದುರತೊಡಗುತ್ತವೆ. ನೀವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೆಂಟೆ ಇರುವುದಿಲ್ಲ, ಲೋಟದ ತಳದಲ್ಲಿ ಬಿಳಿ ಬಗ್ಗಡ ಇರುತ್ತದೆ. ಪಕ್ಕದ ಲೋಟದಲ್ಲಿ ಮುರಕಲ್ಲಿನ ಚೂರು ಹಾಕಿಟ್ಟರೆ ಅದು ಮರುದಿನವೂ ಹಾಗೇ ಇರುತ್ತದೆ. ಗಟ್ಟಿ ಟೋಪಿ, ಅದರಡಿಯಲ್ಲಿ ಕರಗುವ ತಲೆ, ಇದೇ ನಮ್ಮ ಕರಾವಳಿ ಗುಡ್ಡದ ರಚನೆ.

ಈಗ ಆಟಿಯ ಪ್ರಶ್ನೆಗೆ ಬರೋಣ. ಕಡಲ ದಂಡೆಯಲ್ಲಿ ಮಕ್ಕಳು ಮರಳಿನ ಗೋಪುರ ಕಟ್ಟುವುದನ್ನು ನೋಡಿದ್ದೀರಲ್ಲ? ಒಣ ಮರಳು ನಿಲ್ಲುವುದಿಲ್ಲ. ತುಸು ಒದ್ದೆಯಾದರೆ ಚೆನ್ನಾಗಿ ನಿಲ್ಲುತ್ತದೆ, ಕಣಗಳ ನಡುವಿನ ಚೂರು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಒಂದು ಅಲೆ ಬಂದು ಸಂದುಗಳೆಲ್ಲ ನೀರಿನಿಂದ ತುಂಬಿದ ಮರುಕ್ಷಣ ಗೋಪುರ ಕೂತೇಹೋಗುತ್ತದೆ. ಮಣ್ಣು ಇಳಿಜಾರಿನಲ್ಲಿ ನಿಂತಿರುವುದು ಕಣ ಕಣವನ್ನು ಒತ್ತಿ ಹಿಡಿದ ಬಲದಿಂದ. ಸಂದುಗಳು ತುಂಬಿ ಹೋದರೆ ಒಳಗಿನ ನೀರಿನ ಒತ್ತಡ ಕಣಗಳನ್ನು ದೂರ ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ನೀರು ಎಣ್ಣೆಯ ಹಾಗೆ ಜಾರಿಸುತ್ತದೆ ಎಂದು ಹೇಳುವುದುಂಟು, ಅದು ಪೂರ್ತಿ ಸರಿಯಲ್ಲ. ನೀರು ಮಣ್ಣನ್ನು ಒಳಗಿನಿಂದ ಎತ್ತುತ್ತದೆ.

ಬೇಸಿಗೆ ಕಳೆದ ಗುಡ್ಡ ಜೂನ್‌ನಲ್ಲಿ ಒಣಗಿದ ಸ್ಪಂಜು. ಮೊದಲ ಸಾವಿರ, ಒಂದೂವರೆ ಸಾವಿರ ಮಿಲಿಮೀಟರ್ ಮಳೆಯಲ್ಲಿ ಹರಿದು ಹೋದದ್ದು ಹೋಗಿ ಉಳಿದದ್ದು ಒಳಗಿಳಿಯುತ್ತದೆ, ಮುರಕಲ್ಲಿನ ತೂತುಗಳ ದಾರಿಯಲ್ಲಿ ಶೇಡಿಯವರೆಗೆ. ಶೇಡಿಯಲ್ಲಿ ನೀರು ಬೇಗ ಹರಿಯುವುದಿಲ್ಲ, ಕೆಳಗೆ ಬಂಡೆ, ಅಲ್ಲೂ ದಾರಿಯಿಲ್ಲ. ಆಟಿ ಬರುವಷ್ಟರಲ್ಲಿ ಸ್ಪಂಜು ತುಂಬಿರುತ್ತದೆ. ಆಗ ಒಂದು ಹೆಕ್ಟೇರ್ ಇಳಿಜಾರಿನ ಮೇಲೆ 100 ಮಿಲಿಮೀಟರ್ ಮಳೆ ಬಿತ್ತೆನ್ನಿ. ಲೆಕ್ಕ ಹಾಕಿದರೆ ಅದು ಹತ್ತು ಲಕ್ಷ ಲೀಟರ್, ಹತ್ತು ಸಾವಿರ ಲೀಟರಿನ ಟ್ಯಾಂಕರ್‌ಗಳಲ್ಲಿ ನೂರು ಟ್ಯಾಂಕರ್. ಜೂನ್‌ನಲ್ಲಿ ಅದಕ್ಕೆ ಜಾಗವಿತ್ತು.

ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು ಎಂಬ ಗಾದೆ ಗದ್ದೆ ಹೊಲದವರದು. ಗುಡ್ಡದ ಬುಡದಲ್ಲಿ ಮನೆ ಇರುವವರದಲ್ಲ.

ಗುಡ್ಡದ ಗಡಿಯಾರ ಓಡುವುದು ಪಂಚಾಂಗ ನೋಡಿಕೊಂಡಲ್ಲ, ಮಳೆ ನೋಡಿಕೊಂಡು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು, ವಾಡಿಕೆಗಿಂತ ಒಂದು ವಾರ ಮೊದಲು. ಅದಕ್ಕೂ ಮೊದಲೇ ಮಳೆ ಸುರಿಯತೊಡಗಿತ್ತು. ಮೇ 30ರಂದು ಉಳ್ಳಾಲ ತಾಲೂಕಿನ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಜೀವಗಳು ಹೋದವು. ಆಟಿಗೆ ಆಗ ಇನ್ನೂ ಒಂದೂವರೆ ತಿಂಗಳಿತ್ತು.

ಜಲಸ್ಫೋಟ, ಭೂಕಂಪ, ಇತ್ಯಾದಿ

ಕೊಡಗಿನ ದುರಂತದ ಸಮಯದಲ್ಲಿ ಎರಡು ಮಾತು ಬಹಳ ಓಡಾಡಿದವು. ಒಂದು, ಭೂಮಿಯೊಳಗಿಂದ ಜಲಸ್ಫೋಟವಾಯಿತು ಎಂಬುದು. ನೋಡಿದವರು ಸುಳ್ಳು ಹೇಳಿದ್ದಲ್ಲ. ಮಳೆಗಾಲದ ನಡುವೆ ಗುಡ್ಡದಲ್ಲಿ ಒರತೆ ಏಳುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಅಡುಗೆಮನೆಯ ನೆಲದಲ್ಲೇ ಜಲ ಏಳುವ ಮನೆಗಳಿವೆ. ಮಣ್ಣಿನ ಒಳಗೆ ಹಳೆಯ ಬೇರಿನ ಜಾಗ, ಇಲಿ ಬಿಲ, ಬಿರುಕು ಹಿಡಿದು ನೀರು ಕೊಳವೆಯಂಥ ದಾರಿ ಮಾಡಿಕೊಂಡಿರುತ್ತದೆ. ಆ ಬಾಯಿ ಮುಚ್ಚಿಹೋದರೆ ಅಥವಾ ಬರುವ ನೀರು ಅದರ ತಾಕತ್ತು ಮೀರಿದರೆ ಒಳಗಿನ ಒತ್ತಡ ಒಂದೇ ಸಲ ಮಣ್ಣು ಸಮೇತ ಹೊರಗೆ ಚಿಮ್ಮುತ್ತದೆ. ಪಾತಾಳಗಂಗೆಯಲ್ಲ, ಅದು ಆ ಗುಡ್ಡ ಜೂನ್‌ನಿಂದ ಕುಡಿದ ಮಳೆಯೇ.

ಎರಡನೆಯದು ಭೂಕಂಪ. 2018ರ ಜುಲೈನಲ್ಲಿ ಕೊಡಗಿನಲ್ಲಿ ಸಣ್ಣ ಕಂಪನವಾದದ್ದು ಹೌದು. 2022ರಲ್ಲೂ ಚೆಂಬು, ಸಂಪಾಜೆ, ಸುಳ್ಯದ ಕಡೆ ಪಾತ್ರೆ ಅಲ್ಲಾಡಿಸಿದ ಕಂಪನಗಳು ಆಗಿದ್ದವು. ಮೂರು, ಮೂರೂವರೆ ತೀವ್ರತೆಯ ಅಂಥ ಕಂಪನ ಒಂದು ತಿಂಗಳು ಬಿಟ್ಟು ಹತ್ತಾರು ಗುಡ್ಡಗಳನ್ನು ಒಂದೇ ವಾರದಲ್ಲಿ ಬೀಳಿಸಿತು ಎನ್ನುವುದಕ್ಕೆ ಅರ್ಥವಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಬೀದರ್, ಕಲಬುರಗಿಯ ಹಿರಿಯರು ಮರೆತಿಲ್ಲ, ದಖ್ಖನ್ ಅಲ್ಲಾಡುವುದೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಘಟ್ಟದ ಆಟಿ ಕುಸಿತಗಳಿಗೆ ಅದನ್ನು ಹೊಣೆ ಮಾಡಿದರೆ ಆಗುವ ಅನುಕೂಲ ಒಂದೇ. ಭೂಕಂಪಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಕಾಲು ಕಡಿದವರು

ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ ನದಿ. ಗುಡ್ಡದ ಬುಡದಲ್ಲೇ ಲಾರಿಯವರು ನಿಲ್ಲಿಸಿ ಚಹಾ ಕುಡಿಯುವ ಒಂದು ಹೋಟೆಲು. ಜುಲೈ 16ರ ಬೆಳಿಗ್ಗೆ ಗುಡ್ಡ ರಸ್ತೆ ದಾಟಿ ನದಿಗೆ ಬಿತ್ತು. ಹೋಟೆಲಿನವರನ್ನು, ಅಲ್ಲಿ ನಿಂತವರನ್ನು, ಗ್ಯಾಸ್ ಟ್ಯಾಂಕರನ್ನು ಒಯ್ಯಿತು. ಮಣ್ಣು ಬಿದ್ದ ಹೊಡೆತಕ್ಕೆ ನದಿಯ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ಎರಗಿತು. ಕೇರಳದ ಲಾರಿಯೊಂದು ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಡ್ರೆಜ್ಜರ್ ತಂದು ಹೂಳು ತೆಗೆದ ಮೇಲೆ.

ಇಳಿಜಾರಿಗೆ ಬುಡವೇ ಬಲ. ಭತ್ತದ ಮೂಟೆಗಳ ರಾಶಿಯಲ್ಲಿ ಕೆಳಗಿನ ಮೂಟೆ ಎಳೆದರೆ ಏನಾಗುತ್ತದೋ ಗುಡ್ಡದ ಬುಡ ಕಡಿದರೆ ಅದೇ ಆಗುತ್ತದೆ; ತಕ್ಷಣ ಆಗುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಕಡಿಯುವುದು ಬೇಸಿಗೆಯಲ್ಲಿ, ಶೇಡಿ ನೆಟ್ಟಗೆ ನಿಂತು ಎಲ್ಲರಿಗೂ ಧೈರ್ಯ ಕೊಡುವ ಕಾಲದಲ್ಲಿ. ಒಂದೆರಡು ಮಳೆಗಾಲ ಏನೂ ಆಗದಿದ್ದರೆ ಧೈರ್ಯ ಇನ್ನೂ ಹೆಚ್ಚುತ್ತದೆ. ಕಡಿದ ಜಾಗದಲ್ಲಿ ಶೇಡಿ ನೇರವಾಗಿ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ, ಮೇಲಿನ ಮುರಕಲ್ಲಿನ ಟೋಪಿ ಇದ್ದೂ ಇಲ್ಲದಂತೆ.

ಹಾಗಾದರೆ ನೆಟ್ಟಗೆ ಯಾಕೆ ಕಡಿಯುತ್ತಾರೆ? ಇದು ಸರಳ ರೇಖಾಗಣಿತ. 30 ಮೀಟರ್ ಎತ್ತರದ ಗುಡ್ಡವನ್ನು 45 ಡಿಗ್ರಿ ಓರೆಯಾಗಿ ಕಡಿಯಬೇಕೆಂದರೆ ರಸ್ತೆಯ ಅಗಲದ ಆಚೆಗೆ ಇನ್ನೂ 30 ಮೀಟರ್ ಜಾಗ ಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಡಿದರೆ ಇನ್ನಷ್ಟು. ಆ ಜಾಗ ಯಾರದೋ ತೋಟ, ಇಲ್ಲವೇ ಅರಣ್ಯ. ಪರಿಹಾರ ಕೊಡಬೇಕು, ಅನುಮತಿ ತರಬೇಕು, ವರ್ಷ ಕಾಯಬೇಕು. ನೆಟ್ಟಗೆ ಕಡಿದರೆ ಇದಾವುದೂ ಬೇಡ. ಉಳಿತಾಯವಾದ ದುಡ್ಡು ಕಡತದಲ್ಲಿ ಕಾಣುತ್ತದೆ, ವರ್ಗಾಯಿಸಿದ ಅಪಾಯ ಕಾಣುವುದಿಲ್ಲ. ಆಮೇಲೆ ಬುಡಕ್ಕೊಂದು ಕಾಂಕ್ರೀಟ್ ತಡೆಗೋಡೆ ಕಟ್ಟುತ್ತಾರೆ. ಗೋಡೆಯ ಹಿಂದಿನ ನೀರಿಗೆ ಸರಿಯಾದ ದಾರಿ ಬಿಡದಿದ್ದರೆ ಅದು ತಡೆಗೋಡೆಯಲ್ಲ, ಅಣೆಕಟ್ಟು.

ಹೆದ್ದಾರಿಯನ್ನು ಬೈದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೆರಳು ತೋರಿಸಿದ್ದು ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದರ ಕಡೆಗೆ. ಮಲೆನಾಡಿನಲ್ಲಿ ಮನೆಯ ಹಿಂದೆ ಧರೆ ಇರುವುದು ಹೊಸತಲ್ಲ. ಆದರೆ ಹಾರೆ ಗುದ್ದಲಿಯಲ್ಲಿ ಕಡಿಯುವಾಗ ಆಳು ಎರಡಾಳು ಎತ್ತರಕ್ಕೆ ಕೈ ಸೋಲುತ್ತಿತ್ತು. ಈಗ ಜೆಸಿಬಿ ಬಂದು ಒಂದು ಹಗಲಿನಲ್ಲಿ ಮೂರಾಳು ಎತ್ತರ ಕೆರೆದು ಹೋಗುತ್ತದೆ. ಹಿಂದೆ ಮಳೆಗಾಲಕ್ಕೆ ಮುಂಚೆ ಧರೆಗೆ ಅಡಿಕೆ ಸೋಗೆ ಹೊದಿಸುತ್ತಿದ್ದರು, ಮೇಲಿಂದ ಬರುವ ನೀರು ಧರೆಯ ತಲೆಗೆ ಬೀಳದಂತೆ ಕಾಲುವೆ ಬಿಡಿಸುತ್ತಿದ್ದರು. ಈಗ ಸೋಗೆ ಹೊದಿಸಲು ಆಳಿಲ್ಲ, ಟಾರ್ಪಲ್ ಹೊದಿಸಿದ್ದು ಗಾಳಿಗೆ ನಿಲ್ಲುವುದಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾದೀತು. ಇಂಗುಗುಂಡಿ ಬಯಲುಸೀಮೆಯಲ್ಲಿ ಪುಣ್ಯದ ಕೆಲಸ. ಕಡಿದಾದ ಗುಡ್ಡದ ನೆತ್ತಿಯಲ್ಲಿ, ಆಗಲೇ ಸ್ಪಂಜು ತುಂಬಿ ನಿಂತ ಇಳಿಜಾರಿನ ಮೇಲೆ, ಅದೇ ಗುಂಡಿ ನೀರನ್ನು ಹೋಗಬಾರದ ಕಡೆಗೆ ಕಳಿಸುತ್ತದೆ. ಅಲ್ಲಿ ಬೇಕಾದದ್ದು ಬೇಗ ಹೊರಗೆ ಹರಿಸುವ ಕಾಲುವೆ. ಮರದ ಬೇರಿಗೂ ಮಿತಿಯಿದೆ. ಒಂದೆರಡು ಮೀಟರ್ ಆಳದ ಮಣ್ಣನ್ನು ಅದು ಹಿಡಿದಿಡುತ್ತದೆ, ಹದಿನೈದು ಮೀಟರ್ ಆಳದಲ್ಲಿ ಶೇಡಿಯೇ ಜಾರಿದರೆ ಮರವೂ ನಿಂತ ಭಂಗಿಯಲ್ಲೇ ಜೊತೆಗೆ ಇಳಿಯುತ್ತದೆ. ಕಾಡು ಬೇಕು, ಕಾಡಿದ್ದರೆ ಸಾಕು ಎನ್ನುವಂತಿಲ್ಲ.

ವಯನಾಡು ಕುಸಿದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಆರನೇ ಸಲ ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದಕ್ಕೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ತಿರಸ್ಕರಿಸಿತು. ಘಟ್ಟ ಉಳಿಸುವ ಬಗ್ಗೆ ಅದಕ್ಕೂ ಮೊದಲಿನ ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ. ಅಂದಿನಿಂದಲೂ ಜಗಳ, ಯಾವ ಊರು ಸೂಕ್ಷ್ಮ ಪ್ರದೇಶದ ಒಳಗೆ, ಯಾವುದು ಹೊರಗೆ ಎಂಬ ನಕ್ಷೆಯ ಗೆರೆಯ ಮೇಲೆ. ಗೆರೆಯೊಳಗೆ ಬಿದ್ದರೆ ಬದುಕೇ ಮುಗಿಯಿತು ಎಂಬ ರೈತರ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ ಇಷ್ಟು ಎತ್ತರಕ್ಕಿಂತ ಹೆಚ್ಚು ಧರೆ ಕಡಿಯಬೇಕಾದರೆ ಇಷ್ಟು ಓರೆ ಇರಬೇಕು, ನೀರಿಗೆ ದಾರಿ ಬಿಡಬೇಕು ಎಂಬ ನಿಯಮಕ್ಕೆ ಯಾವ ಗೆರೆಯೂ ಬೇಡ. ಅದು ಗೆರೆಯ ಒಳಗೂ ಹೊರಗೂ, ಹೆದ್ದಾರಿಗೂ ಹೋಂಸ್ಟೇಗೂ ಒಂದೇ. ಸಮುದ್ರವನ್ನು ತಣ್ಣಗೆ ಮಾಡುವುದು ನಮ್ಮ ಪಂಚಾಯಿತಿಯ ಕೈಲಿಲ್ಲ, ಶೇಡಿಯನ್ನು ಬಂಡೆ ಮಾಡುವುದು ಯಾರ ಕೈಲೂ ಇಲ್ಲ. ಜೆಸಿಬಿ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಪಂಚಾಯಿತಿಯ ಕೈಲಿದೆ.

ಎರಡನೇ ಸಾಲು

ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.5 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯ ನಿರೀಕ್ಷೆ. ಇಡೀ ಜಿಲ್ಲೆಗೆ ಒಂದೇ ಬಣ್ಣ. ಶಾಲೆಗೆ ರಜೆ ಕೊಡಲು ಅದು ಸಾಕು. ಗುಡ್ಡದ ವಿಷಯಕ್ಕೆ ಸಾಲದು, ಯಾಕೆಂದರೆ ಅದರಲ್ಲಿ ಎರಡನೇ ಸಾಲು ಇಲ್ಲ, ಇಳಿಜಾರೂ ಇಲ್ಲ. ಸ್ಪಂಜು ತುಂಬಿದ ಮೇಲೆ 120 ಮಿಲಿಮೀಟರಿನ ಆರೆಂಜ್ ದಿನವೂ ಜೂನ್‌ನ ರೆಡ್ ದಿನಕ್ಕಿಂತ ಅಪಾಯಕಾರಿ ಆಗಬಹುದು.

ಭೂಕುಸಿತದ ಮುನ್ಸೂಚನೆಗೆಂದೇ ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಉದ್ಘಾಟನೆಯಾದದ್ದು 2024ರ ಜುಲೈ 19ರಂದು, ಶಿರೂರು ಕುಸಿದ ಮೂರನೇ ದಿನ. ಆರಂಭದಲ್ಲಿ ಅದರ ದಿನನಿತ್ಯದ ಮುನ್ಸೂಚನೆ ಸಿಗುತ್ತಿದ್ದದ್ದು ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿಗೆ. ನಮ್ಮಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಇದು ಸಣ್ಣ ಆಸ್ತಿಯಲ್ಲ. ಮೂರು ದಿನದ ಮಳೆ, ಹದಿನೈದು ದಿನದ ಮಳೆ, ಜೂನ್‌ನಿಂದೀಚಿನ ಮಳೆಯನ್ನು ಕೂಡಿಸಿ, ಇಂತಿಷ್ಟು ದಾಟಿದರೆ ಇಂಥ ಧರೆಯ ಕೆಳಗಿನ ಮನೆಯವರು ರಾತ್ರಿ ಬೇರೆ ಕಡೆ ಮಲಗಿ ಎಂದು ಹೇಳಲು ಬೇಕಾದ ಅಂಕಿಗಳು ಅಲ್ಲೇ ಸಿಗುತ್ತವೆ. ಧರೆಗಳ ಪಟ್ಟಿ ಪಂಚಾಯಿತಿ ಸದಸ್ಯರಿಗೆ ಬಾಯಿಪಾಠ ಇರುತ್ತದೆ.

ಚಿಕ್ಕಪ್ಪನ ಮನೆಯ ಹಿಂದೆಯೂ ಒಂದು ಧರೆ ಇದೆ, ಅದರ ಬುಡದಲ್ಲಿ ಆಟಿಗೆ ಏಳುವ ಒರತೆ. ಕಳೆದ ಮಳೆಗಾಲದಲ್ಲಿ ಹೋದಾಗ ನೋಡಿದೆ, ನೋಟ್‌ಬುಕ್‌ನಲ್ಲಿ ಮೂರನೆಯ ಸಾಲೊಂದು ಶುರುವಾಗಿದೆ. ಅಲ್ಲಿ ಅಂಕಿಯಿಲ್ಲ, ದಿನಕ್ಕೊಂದು ಪದ: "ತಿಳಿ", "ತಿಳಿ", "ತಿಳಿ". ಒರತೆಯ ನೀರಿನ ಬಣ್ಣ. ಕೆಂಪಾಗಿ ಬಂದರೆ, ಅಥವಾ ಹರಿಯುತ್ತಿದ್ದದ್ದು ಮಳೆಯ ನಡುವೆಯೇ ಇದ್ದಕ್ಕಿದ್ದಂತೆ ನಿಂತರೆ, ಒಳಗೆ ಮಣ್ಣು ಕದಲಿದೆ ಎಂದು ಲೆಕ್ಕ. ಜುಲೈ ಕೊನೆಯ ಒಂದು ದಿನದ ಮುಂದೆ "ಸ್ವಲ್ಪ ಬಗ್ಗಡ" ಎಂದಿತ್ತು. "ಆ ದಿನ ಏನು ಮಾಡಿದ್ರಿ?" ಎಂದು ಕೇಳಿದೆ.

"ಎಂತ ಮಾಡುದು, ಚಿಕ್ಕಮ್ಮನ ಕರ್ಕೊಂಡು ಅವಳ ತಮ್ಮನ ಮನೆಗೆ ಹೋದೆ. ಎರಡು ದಿನ ಬಿಟ್ಟು ಬಂದೆ. ಮಾಪಕದ ನೀರು ಮಾತ್ರ ತುಂಬಿ ಚೆಲ್ಲಿತ್ತು, ಆ ಎರಡು ದಿನದ ಲೆಕ್ಕ ಸಿಗ್ಲಿಲ್ಲ" ಎಂದರು. ಪುಸ್ತಕದಲ್ಲಿ ಆ ಎರಡು ದಿನಕ್ಕೆ ಎದುರು ಸಣ್ಣ ಗೀಟು ಎಳೆದಿತ್ತು.